ಗ್ರಂಥಾಲಯ ಕರ: ಅದರ ಮೂಲ, ನಡೆದು ಬಂದ ದಾರಿ ಮತ್ತು ಮರ್ಮ

೧

ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಸ್ಥಳವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ಕ್ರಿ. ಶ. ೧೦೫೮ರ ಶಾಸನವೊಂದು ಆ ವಿದ್ಯಾಸ್ಥಾನದ ಏರ್ಪಾಡುಗಳನ್ನು ವಿವರಿಸುವಾಗ, ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳಿ, ಅವರೊಡನೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಸರಸ್ವತೀಭಂಡಾರವೆಂದರೆ ಪುಸ್ತಕಭಂಡಾರ, ಅದನ್ನು ಕಾಯುವವರು ಸರಸ್ವತೀಭಂಡಾರಿಗರು. ಪುಸ್ತಕವಿದ್ದರೆ ಸಾಲದು, ಅದನ್ನು ನೋಡಿಕೊಳ್ಳುವವನು ಬೇಕು, ನೋಡಿಕೊಳ್ಳುವವನಿಗೆ ಜೀವನೋಪಾಯವಿರಬೇಕು, ಆ ಉಪಾಯವು ವರ್ಷದಿಂದ ವರ್ಷಕ್ಕೆ ತಪ್ಪದೆ ಬರುವಂತಿರಬೇಕು ಎಂಬ ತಿಳಿವಳಿಕೆಯು ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದೊಂದೇ ಶಾಸನವು ಸಾಕು.

ಆದರೆ ಅಂದಿನ ಏರ್ಪಾಡಿಗೂ ಇಂದಿನ ಏರ್ಪಾಡಿಗೂ ಒಂದು ಮುಖ್ಯವಾದ ಭೇದವುಂಟು. ಅಂದಿನದು ದತ್ತಿ, ಇಂದಿನದು ಕರ. ದತ್ತಿಯು ದಾತೃವಿನ ಪುಣ್ಯಕಾರ್ಯ; ಅದರ ಫಲವನ್ನು ಪಡೆಯತಕ್ಕವರು ಯಾರೆಂಬುದನ್ನು ದಾತೃವೇ ನಿರ್ಣಯಿಸುವನು. ಕರವಾದರೋ ಊರಿನ ಜನರೆಲ್ಲರೂ ತಮ್ಮ ತಮ್ಮ ಮನೆಯ ಮತ್ತು ನೆಲದ ಬೆಲೆಗೆ ತಕ್ಕಂತೆ ಸಲ್ಲಿಸುವ ಪಾಲು. ಅದರಿಂದ ನಡೆಯುವ ಗ್ರಂಥಾಲಯದಲ್ಲಿ ಊರಿನ ಪ್ರತಿಯೊಬ್ಬನಿಗೂ ಹಕ್ಕುಂಟು. ಅಲ್ಲಿ ಓದಲು ಬಂದವನು ಯಾರ ಔದಾರ್ಯಕ್ಕೂ ಋಣಿಯಲ್ಲ. ಸಾರ್ವಜನಿಕ ಗ್ರಂಥಾಲಯವೆಂಬ ಮಾತಿನ ತಿರುಳೇ ಇದು. ಈ ಕರವು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಎಲ್ಲೆಲ್ಲಿ ಎಡವಿತು, ಕನ್ನಡ ನಾಡಿಗೆ ಹೇಗೆ ಬಂದಿತು ಎಂಬುದನ್ನು ತಿಳಿದರೆ, ಮನೆಗಂದಾಯದ ಚೀಟಿಯಲ್ಲಿ ಒಂದು ಸಾಲಾಗಿ ಕಾಣುವ ಈ ಚಿಕ್ಕ ಮೊಬಲಗಿನ ಅರ್ಥವು ಸ್ಪಷ್ಟವಾಗುವುದು.

೨

ಸ್ಥಳೀಯ ಕರದಿಂದ ಗ್ರಂಥಾಲಯವನ್ನು ನಡೆಸಬೇಕೆಂಬ ವಿಚಾರವು ಶಾಸನರೂಪವನ್ನು ತಾಳಿ ಒಂದು ದೇಶಕ್ಕೆಲ್ಲ ಅನ್ವಯಿಸುವಂತೆ ಬೆಳೆದದ್ದು ಇಂಗ್ಲೆಂಡಿನಲ್ಲಿ. ಪಾರ್ಲಿಮೆಂಟಿನ ಸದಸ್ಯರಾಗಿದ್ದ ವಿಲಿಯಂ ಯೂಅರ್ಟ್ ಎಂಬುವರು ಈ ಕಾರ್ಯಕ್ಕೆ ಮುಂದಾಳುಗಳು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸದಲ್ಲಿದ್ದ ಎಡ್ವರ್ಡ್ ಎಡ್ವರ್ಡ್ಸ್ ಎಂಬುವರು ಅವರಿಗೆ ಬೇಕಾದ ಅಂಕಿ ಅಂಶಗಳನ್ನು ಒದಗಿಸಿದರು. ೧೮೪೯ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿತು. ಮಾರನೆಯ ವರ್ಷ, ಎಂದರೆ ೧೮೫೦ರ ಆಗಸ್ಟಿನಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಜಾರಿಗೆ ಬಂದಿತು.

ವಿರೋಧವು ಸಾಮಾನ್ಯವಾಗಿರಲಿಲ್ಲ. ಕರದ ಹೊರೆಯು ಈಗಲೇ ಹೆಚ್ಚಾಗಿದೆಯೆಂದು ಕೆಲವರು. ಗ್ರಂಥಾಲಯಗಳು ರಾಜಕೀಯ ಗದ್ದಲಕ್ಕೆ ಎಡೆಯಾಗುವುವೆಂದು ಕೆಲವರು. ತಾವೇ ಬಳಸದ ವಸ್ತುವಿಗೆ ಕರವನ್ನೇಕೆ ಕೊಡಬೇಕೆಂದು ಮತ್ತೆ ಕೆಲವರು. ಕರ್ನಲ್ ಸಿಬ್‌ಥಾರ್ಪ್ ಎಂಬ ಸದಸ್ಯರು ತಮಗೆ ಓದುವುದೆಂದರೇ ಆಗದು, ವಿದ್ಯಾರ್ಥಿಯಾಗಿದ್ದಾಗಲೂ ಆಗುತ್ತಿರಲಿಲ್ಲ ಎಂದು ಸಭೆಯಲ್ಲಿಯೇ ಹೇಳಿದರು. ಈ ವಿರೋಧದ ಫಲವಾಗಿ ಕಾನೂನು ಹೊರಬಿದ್ದಾಗ ಅದರ ಕೈಕಾಲುಗಳಿಗೆ ಬಲವಾದ ಕಟ್ಟುಗಳು ಬಿದ್ದಿದ್ದುವು. ಹತ್ತು ಸಾವಿರಕ್ಕೆ ಕಡಮೆ ಜನಸಂಖ್ಯೆಯುಳ್ಳ ಊರು ಅದರ ಪ್ರಯೋಜನವನ್ನು ಪಡೆಯುವಂತಿರಲಿಲ್ಲ. ಕರ ಕೊಡುವವರ ಮತವನ್ನು ಕೇಳಿ, ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಮಾತ್ರ ಪುರಸಭೆಯು ಗ್ರಂಥಾಲಯವನ್ನು ಸ್ಥಾಪಿಸಬಹುದಾಗಿತ್ತು. ಕರವು ಪೌಂಡಿಗೆ ಅರ್ಧ ಪೆನ್ನಿಯನ್ನು ಮೀರಕೂಡದು. ಎಲ್ಲಕ್ಕಿಂತಲೂ ವಿಚಿತ್ರವಾದುದು ಮತ್ತೊಂದು: ಈ ಹಣದಿಂದ ಕಟ್ಟಡ ಕಟ್ಟಬಹುದು, ನೌಕರರನ್ನಿಡಬಹುದು, ದೀಪ ಉರಿಸಬಹುದು, ಪುಸ್ತಕವನ್ನು ಮಾತ್ರ ಕೊಳ್ಳುವಂತಿಲ್ಲ! ಪುಸ್ತಕಗಳು ದಾನದಿಂದ ಬರತಕ್ಕವೆಂದು ಶಾಸನಕರ್ತರು ಎಣಿಸಿದ್ದರು.

ಈ ಕರದ ಲೆಕ್ಕವನ್ನು ಇಲ್ಲಿ ತಿಳಿಯುವುದು ಅವಶ್ಯ. ಇಂಗ್ಲೆಂಡಿನಲ್ಲಿ ಪ್ರತಿಯೊಂದು ಕಟ್ಟಡಕ್ಕೂ, ಅದನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಹುಟ್ಟಬಹುದೋ ಅದನ್ನನುಸರಿಸಿ ಒಂದು ಮೌಲ್ಯವನ್ನು ಗೊತ್ತುಮಾಡುತ್ತಿದ್ದರು. ಆ ಮೌಲ್ಯದ ಒಂದೊಂದು ಪೌಂಡಿಗೂ ಇಷ್ಟು ಪೆನ್ನಿಯೆಂದು ಕರವನ್ನು ವಿಧಿಸುತ್ತಿದ್ದರು. ಒಂದು ಪೌಂಡಿಗೆ ಅಂದು ೨೪೦ ಪೆನ್ನಿಗಳು. ಆದುದರಿಂದ ವರ್ಷಕ್ಕೆ ೧೨ ಪೌಂಡು ಬೆಲೆಯ ಮನೆಯಲ್ಲಿರುವವನು ಅರ್ಧ ಪೆನ್ನಿಯ ದರದಲ್ಲಿ ಕೊಡಬೇಕಾದುದು ಆರು ಪೆನ್ನಿ, ಎಂದರೆ ಅರ್ಧ ಷಿಲಿಂಗು ಮಾತ್ರ. ಇನ್ನು ಊರಿನ ಒಟ್ಟು ಮೌಲ್ಯವು ಹತ್ತು ಸಾವಿರ ಪೌಂಡಾಗಿದ್ದರೆ ಆ ದರದಲ್ಲಿ ಬರುವ ಮೊತ್ತವು ೨೦ ಪೌಂಡು ೧೬ ಷಿಲಿಂಗು ೮ ಪೆನ್ನಿ. ಕೊಡುವವನಿಗೆ ಕರವು ಎಷ್ಟು ಹಗುರವೋ ಗ್ರಂಥಾಲಯಕ್ಕೆ ಆದಾಯವೂ ಅಷ್ಟೇ ಹಗುರ.

ಈ ಅನನುಕೂಲಗಳು ಬೇಗನೆ ಅನುಭವಕ್ಕೆ ಬಂದುವು. ೧೮೫೨ರಲ್ಲಿ ಮ್ಯಾಂಚೆಸ್ಟರ್ ನಗರದ ಗ್ರಂಥಾಲಯವು ಪ್ರಾರಂಭವಾಯಿತು; ಡಿಕನ್ಸ್, ಥ್ಯಾಕರೆ ಮೊದಲಾದ ಸಾಹಿತಿಗಳು ಆ ಸಮಾರಂಭದಲ್ಲಿದ್ದರು; ಎಡ್ವರ್ಡ್ಸರೇ ಅದರ ಮೊದಲನೆಯ ಗ್ರಂಥಪಾಲಕರು. ೧೮೫೫ರ ಕಾನೂನಿನಿಂದ ಕರದ ಮಿತಿಯು ಪೌಂಡಿಗೆ ಒಂದು ಪೆನ್ನಿಗೆ ಏರಿತು. ಪುಸ್ತಕಗಳನ್ನೂ ವೃತ್ತಪತ್ರಿಕೆಗಳನ್ನೂ ಕೊಳ್ಳಲು ಅಧಿಕಾರ ಬಂದಿತು. ಜನಸಂಖ್ಯೆಯ ಮಿತಿಯು ಐದು ಸಾವಿರಕ್ಕೆ ಇಳಿಯಿತು. ೧೮೬೬ರಲ್ಲಿ ಆ ಮಿತಿಯೂ ಹೋಗಿ, ಮೂರರಲ್ಲಿ ಎರಡು ಪಾಲಿನ ಬದಲು ಬರಿಯ ಬಹುಮತವೇ ಸಾಕೆಂದಾಯಿತು. ಆದರೆ ಒಂದು ಪೆನ್ನಿಯ ಮಿತಿ ಮಾತ್ರ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು, ೧೯೧೯ರ ವರೆಗೆ, ಉಳಿಯಿತು.

೩

ಅಮೆರಿಕದ ದಾರಿ ಸ್ವಲ್ಪ ಬೇರೆ. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಪೀಟರ್‌ಬರೊ ಎಂಬ ಚಿಕ್ಕ ಊರಿನವರು ೧೮೩೩ರಲ್ಲಿಯೇ ಸಾರ್ವಜನಿಕ ಹಣದಿಂದ ಎಲ್ಲರಿಗೂ ತೆರೆದ ಗ್ರಂಥಾಲಯವನ್ನು ಸ್ಥಾಪಿಸಿದರು. ೧೮೪೮ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಬಾಸ್ಟನ್ ನಗರಕ್ಕೆ ವರ್ಷಕ್ಕೆ ಐದು ಸಾವಿರ ಡಾಲರುಗಳ ವರೆಗೆ ಗ್ರಂಥಾಲಯಕ್ಕಾಗಿ ವೆಚ್ಚಮಾಡಲು ಅಪ್ಪಣೆಯಿತ್ತಿತು. ೧೮೫೧ರಲ್ಲಿ ಈ ಅಧಿಕಾರವು ಆ ಸಂಸ್ಥಾನದ ಎಲ್ಲ ಊರುಗಳಿಗೂ ದೊರೆಯಿತು. ಬಾಸ್ಟನ್ನಿನ ಗ್ರಂಥಾಲಯವು ೧೮೫೪ರಲ್ಲಿ ತೆರೆಯಿತು. ಅದರ ಸ್ಥಾಪನೆಗೆ ಕಾರಣರಾದ ಟಿಕ್ನರ್, ಎವರೆಟ್ ಮೊದಲಾದವರು ಮುಂದಿಟ್ಟ ವಾದವು ಸರಳವಾದುದು. ಮಕ್ಕಳಿಗೆ ಓದು ಕಲಿಸುವುದಕ್ಕಾಗಿ ಊರಿನವರೆಲ್ಲರೂ ಕರ ಕೊಟ್ಟು ಶಾಲೆಯನ್ನು ನಡೆಸುತ್ತಾರೆ. ಹಾಗೆ ಕಲಿತವನು ಶಾಲೆಯನ್ನು ಬಿಟ್ಟ ದಿನವೇ ಅವನ ಕೈಯಿಂದ ಪುಸ್ತಕವು ಜಾರಿಹೋದರೆ ಆ ಕರವೆಲ್ಲವೂ ಅರ್ಧ ವ್ಯರ್ಥವಾದಂತೆ. ಆದುದರಿಂದ ಶಾಲೆಗೆ ಕರವು ನ್ಯಾಯವಾದರೆ ಗ್ರಂಥಾಲಯಕ್ಕೂ ನ್ಯಾಯವೇ.

ಜೋಷುವ ಬೇಟ್ಸ್ ಎಂಬ ವರ್ತಕರು ಬಾಸ್ಟನ್ನಿನ ಗ್ರಂಥಾಲಯಕ್ಕೆ ಐವತ್ತು ಸಾವಿರ ಡಾಲರುಗಳನ್ನು ಪುಸ್ತಕಕ್ಕಾಗಿ ಕೊಟ್ಟು, ಕಟ್ಟಡವನ್ನು ನಗರವೇ ಕಟ್ಟಿಸಬೇಕೆಂದು ಷರತ್ತು ಹಾಕಿದರು. ಮುಂದೆ ಆಂಡ್ರೂ ಕಾರ್ನೆಗಿಯವರು ಇದಕ್ಕೆ ತಲೆಕೆಳಗಾದ ಕ್ರಮವನ್ನು ಹಿಡಿದರು. ಅವರು ಕಟ್ಟಡಕ್ಕೆ ಹಣ ಕೊಡುತ್ತಿದ್ದರು. ನಿವೇಶನವನ್ನು ಊರಿನವರು ಒದಗಿಸಬೇಕು. ಅಮೆರಿಕದಲ್ಲಾದರೆ ದಾನದ ಹತ್ತರಲ್ಲೊಂದು ಪಾಲಿನಷ್ಟು ಹಣವನ್ನು ಪ್ರತಿ ವರ್ಷವೂ ಊರಿನ ಕರದಿಂದ ತೆಗೆದಿಡುವುದಾಗಿ ಮಾತು ಕೊಡಬೇಕು. ಬ್ರಿಟನ್ನಿನಲ್ಲಾದರೆ ಗ್ರಂಥಾಲಯ ಕಾನೂನನ್ನು ಅಂಗೀಕರಿಸಿ ಪೆನ್ನಿಯ ಕರವನ್ನು ವಿಧಿಸಬೇಕು. ೧೮೮೩ರಲ್ಲಿ ಅವರ ಹುಟ್ಟೂರಾದ ಡನ್‌ಫರ್ಮ್ಲಿನ್ನಿನಲ್ಲಿ ಮೊದಲಾದ ಈ ಕಾರ್ಯವು ಬೆಳೆದು, ಲೋಕದ ನಾನಾ ಭಾಗಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಅವರ ಹಣದಿಂದ ಎದ್ದುವು.

ಕಾರ್ನೆಗಿಯವರ ಷರತ್ತಿನಲ್ಲಿ ಒಂದು ವಿವೇಕವಿದೆ. ದಾನವು ಒಂದು ಸಲದ ಕಾರ್ಯ. ಗ್ರಂಥಾಲಯವು ನಿತ್ಯದ ಕಾರ್ಯ. ಕೆರೆಯನ್ನು ಒಬ್ಬ ಪುಣ್ಯವಂತನು ಕಟ್ಟಿಸಬಹುದು. ವರ್ಷ ವರ್ಷವೂ ಅದರ ಹೂಳೆತ್ತತಕ್ಕವರು ಊರಿನವರೇ. ಆದರೆ ಈ ವಿವೇಕವೂ ಬ್ರಿಟನ್ನಿನ ಹಲವು ಊರುಗಳಲ್ಲಿ ಫಲಿಸಲಿಲ್ಲ. ಕಾರಣ, ಅಲ್ಲಿ ಕರದ ಮೇಲ್ಮಿತಿಯು ಒಂದು ಪೆನ್ನಿಗೆ ನಿಂತಿತ್ತು. ಚಿಕ್ಕ ಊರಿನಲ್ಲಿ ದೊಡ್ಡ ಕಟ್ಟಡವೆದ್ದಿತು. ಅದರ ದುರಸ್ತು, ದೀಪ, ಬೆಂಕಿ, ಕಾವಲುಗಳಿಗೇ ಪೆನ್ನಿಯ ಕರವು ಮುಗಿದು, ಪುಸ್ತಕಕ್ಕೆ ಹಣವೇ ಉಳಿಯಲಿಲ್ಲ. ೧೯೧೫ರಲ್ಲಿ ಪ್ರೊಫೆಸರ್ ಆಡಮ್ಸರು ಕಾರ್ನೆಗಿ ನಿಧಿಯವರಿಗಾಗಿ ಬರೆದ ವರದಿಯು ಈ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. ಹಳ್ಳಿಗಳ ಜನರಿಗಂತೂ ಗ್ರಂಥಾಲಯವು ಬಹುಮಟ್ಟಿಗೆ ಇಲ್ಲವೇ ಇಲ್ಲವೆಂದೂ ಅದರಿಂದ ತಿಳಿಯಬಂದಿತು. ಮಹಾಯುದ್ಧದ ವರ್ಷಗಳಲ್ಲಿ ಪದಾರ್ಥಗಳ ಬೆಲೆಯೂ ಸಂಬಳಗಳೂ ಏರಿದಾಗ, ಏರಲಾಗದ ಆ ಪೆನ್ನಿಯು ಗ್ರಂಥಾಲಯಗಳ ಕೊರಳಿಗೆ ಉರುಲಾಯಿತು. ೧೯೧೯ರಲ್ಲಿ ಮಿತಿಯನ್ನು ತೆಗೆದುಹಾಕಿ, ಜಿಲ್ಲಾಮಂಡಲಿಗಳಿಗೂ ಗ್ರಂಥಾಲಯ ನಡೆಸುವ ಅಧಿಕಾರವನ್ನು ಕೊಟ್ಟರು. ೧೯೬೪ರ ಕಾನೂನು, ಅದುವರೆಗೆ ಐಚ್ಛಿಕವಾಗಿದ್ದ ಈ ಕಾರ್ಯವನ್ನು ಸ್ಥಳೀಯಾಡಳಿತದ ಕಡ್ಡಾಯ ಕರ್ತವ್ಯವನ್ನಾಗಿ ಮಾಡಿತು.

೪

ಭಾರತದಲ್ಲಿ ಮೊದಲು ಗಮನಕ್ಕೆ ಬರತಕ್ಕದ್ದು ಬರೋಡಾ ಸಂಸ್ಥಾನ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ರಾಜಧಾನಿಯಿಂದ ಹಳ್ಳಿಯ ವರೆಗೆ ಗ್ರಂಥಾಲಯಗಳ ಸರಪಳಿಯನ್ನು ಹಬ್ಬಿಸಿದರು. ಅಲ್ಲಿಯ ಹಳ್ಳಿಯ ಗ್ರಂಥಾಲಯದ ವೆಚ್ಚದಲ್ಲಿ ಜನರದೊಂದು ಪಾಲು, ಸ್ಥಳೀಯ ಮಂಡಲಿಯದೊಂದು ಪಾಲು, ಸರ್ಕಾರದ್ದೊಂದು ಪಾಲು. ಇದು ಕರವಲ್ಲ, ಜನರು ಮೊದಲು ವಂತಿಗೆಯೆತ್ತಬೇಕು. ಉತ್ಸಾಹವುಳ್ಳ ಹಳ್ಳಿಗೆ ಇದು ಅನುಕೂಲ. ಬಡ ಹಳ್ಳಿಗೆ ಮೊದಲನೆಯ ಮೆಟ್ಟಿಲೇ ಎತ್ತರ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨-೧೯೧೮) ಬೆಂಗಳೂರು, ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪಿತವಾದುವು. ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವು ಇಂದಿಗೂ ಗ್ರಂಥಾಲಯವಾಗಿಯೇ ಇದೆ. ಇವು ಸರ್ಕಾರದ ಆಶ್ರಯದಲ್ಲಿ ಬೆಳೆದುವೇ ಹೊರತು ಕರದ ಹಕ್ಕಿನಿಂದಲ್ಲ.

ಕರವೇ ಆಗಬೇಕು, ಅದೂ ಕಾನೂನಿನಿಂದಲೇ ಆಗಬೇಕು ಎಂದು ಪಟ್ಟುಹಿಡಿದು ಸಾಧಿಸಿದವರು ಎಸ್. ಆರ್. ರಂಗನಾಥನ್ ಅವರು. ಇವರು ೧೯೧೭ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಉಪಾಧ್ಯಾಯರಾಗಿ ವೃತ್ತಿಯನ್ನಾರಂಭಿಸಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ಆದುದರಿಂದ ಕನ್ನಡ ನಾಡಿಗೂ ಅವರಿಗೂ ನಂಟು ದೊಡ್ಡದು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕವಾಗಿ, ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳನ್ನು ಕಣ್ಣಾರೆ ಕಂಡರು. ೧೯೩೦ರಲ್ಲಿ ಕಾಶಿಯಲ್ಲಿ ನೆರೆದ ಅಖಿಲ ಏಷ್ಯಾ ವಿದ್ಯಾಭ್ಯಾಸ ಸಮ್ಮೇಳನದ ಮುಂದೆ ಮಾದರಿಯ ಗ್ರಂಥಾಲಯ ಕಾನೂನೊಂದರ ಕರಡನ್ನು ಇಟ್ಟರು. ಗ್ರಂಥಗಳಿರುವುದು ಉಪಯೋಗಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಗ್ರಂಥವು ದೊರೆಯಬೇಕು ಎಂಬ ಅವರ ಸೂತ್ರಗಳು ಪ್ರಸಿದ್ಧವಾಗಿವೆ. ಪ್ರತಿಯೊಬ್ಬನಿಗೂ ಎಂದಮೇಲೆ ಅದನ್ನು ನಡೆಸುವ ಹಣವೂ ಪ್ರತಿಯೊಂದು ಊರಿನಿಂದಲೂ ಬರಬೇಕಾದುದು ಆ ಸೂತ್ರದಿಂದಲೇ ಸಿದ್ಧಿಸುವ ಮಾತು.

ಹದಿನೆಂಟು ವರ್ಷಗಳ ತರುವಾಯ, ಅವಿನಾಶಿಲಿಂಗಂ ಚೆಟ್ಟಿಯಾರರು ವಿದ್ಯಾಮಂತ್ರಿಗಳಾಗಿದ್ದಾಗ, ೧೯೪೮ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು ಅಂಗೀಕೃತವಾಗಿ ೧೯೫೦ರಲ್ಲಿ ಆಚರಣೆಗೆ ಬಂದಿತು. ಅದರ ಮುಖ್ಯ ಏರ್ಪಾಡು ಇದು: ಮನೆಗಂದಾಯದ ಅಥವಾ ಸ್ವತ್ತಿನ ತೆರಿಗೆಯ ಒಂದೊಂದು ರೂಪಾಯಿಗೂ ಆರು ಪೈಗಳಂತೆ, ಎಂದರೆ ಅರ್ಧ ಆಣೆಯಂತೆ, ಗ್ರಂಥಾಲಯ ಕರವನ್ನು ಕೂಡಿಸಿ ವಸೂಲುಮಾಡತಕ್ಕದ್ದು, ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರವಿರತಕ್ಕದ್ದು, ಪುರಸಭೆ ಪಂಚಾಯತಿಗಳು ವಸೂಲುಮಾಡಿದ ಕರವನ್ನು ಆ ಪ್ರಾಧಿಕಾರದ ಪ್ರತ್ಯೇಕ ನಿಧಿಗೆ ಸೇರಿಸತಕ್ಕದ್ದು. ವರ್ಷಕ್ಕೆ ಇಪ್ಪತ್ತು ರೂಪಾಯಿ ಮನೆಗಂದಾಯ ಕೊಡುವವನ ಮೇಲೆ ಬಿದ್ದುದು ಹತ್ತು ಆಣೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಅಂದು ಮದರಾಸಿಗೆ ಸೇರಿದ್ದುದರಿಂದ, ಗ್ರಂಥಾಲಯ ಕರವೆಂಬುದು ಕನ್ನಡಿಗರಲ್ಲಿ ಮೊದಲು ಕಾಲಿಟ್ಟುದು ಈ ಜಿಲ್ಲೆಗಳಲ್ಲಿಯೇ ಎನ್ನಬೇಕು.

ಇಂಗ್ಲೆಂಡಿನ ಕ್ರಮಕ್ಕೂ ಇದಕ್ಕೂ ಎರಡು ವ್ಯತ್ಯಾಸಗಳುಂಟು. ಅಲ್ಲಿ ಬಹುಕಾಲ ಊರಿನವರು ಒಪ್ಪಿದರೆ ಮಾತ್ರ ಕರ. ಇಲ್ಲಿ ಮೊದಲಿನಿಂದಲೂ ಕಡ್ಡಾಯ. ಅಲ್ಲಿ ಆಸ್ತಿಯ ಮೌಲ್ಯದ ಮೇಲೆಯೇ ನೇರವಾದ ಕರ. ಇಲ್ಲಿ ತೆರಿಗೆಯ ಮೇಲೆ ಮೇಲ್ತೆರಿಗೆ. ಎರಡನೆಯದರ ಪರಿಣಾಮವನ್ನು ಗಮನಿಸಬೇಕು. ಮೇಲ್ತೆರಿಗೆಗೆ ಸ್ವಂತ ಕಾಲಿಲ್ಲ. ಅದು ಮೂಲ ತೆರಿಗೆಯ ಹೆಗಲ ಮೇಲೆ ಕುಳಿತು ಹೋಗತಕ್ಕದ್ದು. ಮನೆಗಳ ಬೆಲೆಯನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ, ಅಥವಾ ಮನೆಗಂದಾಯವನ್ನೇ ಸರಿಯಾಗಿ ವಸೂಲುಮಾಡದಿದ್ದರೆ, ಗ್ರಂಥಾಲಯವು ತನ್ನದಲ್ಲದ ತಪ್ಪಿಗೆ ಉಪವಾಸವಿರಬೇಕಾಗುವುದು.

೫

೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ಅದರ ಭಾಗಗಳಲ್ಲಿ ಬೇರೆ ಬೇರೆ ಏರ್ಪಾಡುಗಳಿದ್ದುವು: ದಕ್ಷಿಣ ಕನ್ನಡದ ಕಡೆ ಮದರಾಸಿನ ಕಾನೂನು, ಕಲಬುರಗಿ ರಾಯಚೂರುಗಳ ಕಡೆ ೧೯೫೫ರ ಹೈದರಾಬಾದಿನ ಕಾನೂನು. ಇವೆಲ್ಲಕ್ಕೂ ಬದಲಾಗಿ ೧೯೬೫ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದಿತು. ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕರ್ನಾಟಕದ ಕಾನೂನಾಯಿತು. ಜಮೀನು ಮತ್ತು ಕಟ್ಟಡಗಳ ತೆರಿಗೆ ಮೊದಲಾದವುಗಳ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ, ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿಗೆ ಒಪ್ಪಿಸುವುದು ಅದರ ಕ್ರಮ. ಹಳ್ಳಿಗಳಲ್ಲಿ ಕಟ್ಟಡಗಳ ತೆರಿಗೆ ಅಲ್ಪವಾದುದರಿಂದ, ಭೂಕಂದಾಯದ ಒಂದು ಪಾಲನ್ನು ಸರ್ಕಾರವು ಜಿಲ್ಲಾ ಪ್ರಾಧಿಕಾರಗಳಿಗೆ ಕೊಡತಕ್ಕದ್ದೆಂದೂ ಗೊತ್ತಾಯಿತು. ಕರದ ದರವು ಮುಂದೆ ನೂರಕ್ಕೆ ಆರಕ್ಕೆ ಏರಿತು. ಎಂದರೆ ಐದು ಸಾವಿರ ರೂಪಾಯಿ ಸ್ವತ್ತಿನ ತೆರಿಗೆ ಕೊಡುವವನು ಗ್ರಂಥಾಲಯಕ್ಕೆ ಮುನ್ನೂರು ರೂಪಾಯಿಗಳನ್ನು ಸಲ್ಲಿಸಿದಂತಾಯಿತು. ೨೦೧೯ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು.

ಎಲ್ಲ ರಾಜ್ಯಗಳೂ ಈ ದಾರಿಯನ್ನು ಹಿಡಿಯಲಿಲ್ಲ. ಮಹಾರಾಷ್ಟ್ರದ ೧೯೬೭ರ ಕಾನೂನಿನಲ್ಲಿಯೂ ಪಶ್ಚಿಮ ಬಂಗಾಳದ ೧೯೭೯ರ ಕಾನೂನಿನಲ್ಲಿಯೂ ಗ್ರಂಥಾಲಯ ಕರವಿಲ್ಲ. ಅಲ್ಲಿ ಸರ್ಕಾರದ ಬೊಕ್ಕಸದಿಂದಲೇ ಹಣ ಬರಬೇಕು. ಕರವಿಲ್ಲದ ಏರ್ಪಾಡಿನಲ್ಲಿಯೂ ಒಂದು ಗುಣವುಂಟು: ಬಡ ಊರಿಗೂ ಸಿರಿವಂತ ಊರಿಗೂ ಸರ್ಕಾರವು ಸಮನಾಗಿ ಹಂಚಬಹುದು. ಆದರೆ ಬೊಕ್ಕಸಕ್ಕೆ ಕಷ್ಟ ಬಂದ ವರ್ಷ ಮೊದಲು ಮೊಟಕಾಗುವುದು ಗ್ರಂಥಾಲಯದ ಹಣ. ಏಕೆಂದರೆ ಆಸ್ಪತ್ರೆಯಲ್ಲಿ ಮದ್ದಿಲ್ಲದಿದ್ದರೆ ಕೂಗೇಳುವುದು, ಗ್ರಂಥಾಲಯದಲ್ಲಿ ಹೊಸ ಪುಸ್ತಕವಿಲ್ಲದಿದ್ದರೆ ಓದುಗನು ಸದ್ದಿಲ್ಲದೆ ಹಿಂದಿರುಗುವನು. ಮೀಸಲು ಕರದ ಪ್ರಯೋಜನವು ಇಲ್ಲಿಯೇ ಇರುವುದು. ಅದು ಕೂಗಲಾರದವರ ಪರವಾಗಿ ಕಾನೂನೇ ಕೂಗಿದಂತೆ.

೬

ಇಷ್ಟರಿಂದ ಹೊರಡುವ ತತ್ತ್ವಗಳು ನಾಲ್ಕು.

ಮೊದಲನೆಯದು, ಕರದ ದರವನ್ನು ಕಾನೂನಿನಲ್ಲಿ ಕಲ್ಲಿನಂತೆ ಕೆತ್ತಕೂಡದು. ಬ್ರಿಟನ್ನಿನ ಪೆನ್ನಿಯ ಕಥೆ ಇದಕ್ಕೆ ಸಾಕ್ಷಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೭೮ರಲ್ಲಿ ಜನಮತದಿಂದಲೇ ಆಸ್ತಿತೆರಿಗೆಯನ್ನು ಬೆಲೆಯ ನೂರಕ್ಕೊಂದರ ಮಟ್ಟಕ್ಕೆ ಇಳಿಸಿ, ಒಂದೇ ಒಡೆತನದಲ್ಲಿರುವ ಸ್ವತ್ತಿನ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚಾಗಿ ಏರಿಸಬಾರದೆಂದು ಕಟ್ಟುಮಾಡಿದಾಗ, ಆ ತೆರಿಗೆಯನ್ನೇ ನಂಬಿದ್ದ ಅನೇಕ ಗ್ರಂಥಾಲಯಗಳು ವೇಳೆಯನ್ನೂ ನೌಕರರನ್ನೂ ಕಡಮೆಮಾಡಬೇಕಾಯಿತು.

ಎರಡನೆಯದು, ಸ್ಥಳೀಯ ಕರವೊಂದನ್ನೇ ನಂಬಿದರೆ ಊರೂರಿಗೂ ಭೇದವುಂಟಾಗುವುದು. ಒಂದೇ ದರದ ಕರವು ಬೆಂಗಳೂರಿನಂಥ ನಗರದಲ್ಲಿ ಹೊಳೆಯಾಗಿ ಹರಿಯುವುದು. ಬಯಲುಸೀಮೆಯ ಪಂಚಾಯತಿಯಲ್ಲಿ ತೊಟ್ಟಿಕ್ಕುವುದು. ಪುಸ್ತಕದ ಅವಶ್ಯಕತೆಯಾದರೋ ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದವನಿಗೇ ಹೆಚ್ಚು. ಆದುದರಿಂದ ಕರವು ಅಡಿಪಾಯವಾಗಿದ್ದು, ಅದು ಸಾಲದ ಕಡೆ ಸರ್ಕಾರದ ಸಹಾಯದ್ರವ್ಯವು ತಪ್ಪದೆ ಕೂಡಬೇಕು.

ಮೂರನೆಯದು, ವಸೂಲಾದ ಕರವು ಗ್ರಂಥಾಲಯವನ್ನು ಮುಟ್ಟಬೇಕು. ವಸೂಲುಮಾಡುವ ಸಂಸ್ಥೆ ಒಂದು, ವೆಚ್ಚಮಾಡುವ ಸಂಸ್ಥೆ ಇನ್ನೊಂದು ಆಗಿರುವಲ್ಲಿ, ನಡುವೆ ಹಣವು ನಿಂತುಹೋಗುವ ಅಪಾಯವುಂಟು. ನಗರಸಭೆಗಳು ವಸೂಲುಮಾಡಿದ ಗ್ರಂಥಾಲಯ ಕರವನ್ನು ಪೂರ್ತಿಯಾಗಿ ಒಪ್ಪಿಸದೆ ಬಾಕಿಯುಳಿಸಿಕೊಂಡ ವಿಷಯವು ಕರ್ನಾಟಕದಲ್ಲಿ ಹಲವು ಸಲ ಸಾರ್ವಜನಿಕ ಚರ್ಚೆಗೆ ಬಂದಿದೆ. ಕರ ಕೊಟ್ಟವನ ದೃಷ್ಟಿಯಿಂದ ಇದು ಲೆಕ್ಕಪತ್ರದ ತೊಡಕಲ್ಲ, ಮಾತಿನ ಭಂಗ. ಅವನು ರಸ್ತೆಗೆ ಬೇರೆ ಕೊಟ್ಟಿದ್ದಾನೆ, ದೀಪಕ್ಕೆ ಬೇರೆ ಕೊಟ್ಟಿದ್ದಾನೆ. ಇದನ್ನು ಪುಸ್ತಕಕ್ಕೆಂದೇ ಕೊಟ್ಟನು. ದತ್ತಿಯ ಶಾಸನಗಳ ಕೊನೆಯಲ್ಲಿ ಅದನ್ನು ಅಪಹರಿಸಿದವರಿಗೆ ಘೋರವಾದ ಶಾಪವನ್ನು ಬರೆಯಿಸುವುದು ಹಿಂದೆ ವಾಡಿಕೆಯಾಗಿತ್ತು. ಇಂದಿನ ಕಾನೂನಿಗೆ ಶಾಪವು ಬೇಡ. ಗೊತ್ತಾದ ದಿನದೊಳಗೆ ಹಣವನ್ನು ಒಪ್ಪಿಸುವ ನಿರ್ಬಂಧವೂ, ಒಪ್ಪಿಸಿದ ಲೆಕ್ಕವನ್ನು ಜನರ ಮುಂದಿಡುವ ಪದ್ಧತಿಯೂ ಇದ್ದರೆ ಸಾಕು.

ನಾಲ್ಕನೆಯದು, ಹಣವು ಕಟ್ಟಡದಲ್ಲಿಯೇ ಮುಗಿಯಕೂಡದು. ೧೮೫೦ರ ಶಾಸನಕರ್ತರು ಪುಸ್ತಕವನ್ನು ದಾನಕ್ಕೆ ಬಿಟ್ಟರು. ಕಾರ್ನೆಗಿಯ ಕಾಲದ ಊರುಗಳು ಗೋಡೆಗಳಿಗೆ ಕರವನ್ನೆಲ್ಲ ಸುರಿದುವು. ಎರಡರ ಫಲವೂ ಬರಿದಾದ ಕಪಾಟು. ಪುಸ್ತಕ, ಗ್ರಂಥಪಾಲಕ, ಕಟ್ಟಡ ಈ ಮೂರಕ್ಕೂ ಪಾಲು ಸರಿಯಾಗಿ ಸಂದರೆ ಮಾತ್ರ ಗ್ರಂಥಾಲಯವೆಂಬ ಹೆಸರು ಸಾರ್ಥಕ.

ಸೂರ್ಯನು ನೆಲದ ನೀರನ್ನು ಹೀರುವುದು ಮಳೆಯಾಗಿ ಮರಳಿಸುವುದಕ್ಕೆ. ಅರಸನು ಕರವನ್ನು ತೆಗೆಯುವುದೂ ಹಾಗೆಯೇ ಎಂಬ ಹೋಲಿಕೆಯು ನಮ್ಮ ಸಾಹಿತ್ಯದಲ್ಲಿ ಹಳೆಯದು. ಆದರೆ ಮಳೆಯು ಎಲ್ಲಿ ಬಿದ್ದಿತೆಂಬುದನ್ನು ಎಲ್ಲ ಕರಗಳಲ್ಲಿಯೂ ಕಾಣುವುದು ಸುಲಭವಲ್ಲ. ಗ್ರಂಥಾಲಯ ಕರದಲ್ಲಿ ಅದು ಸಾಧ್ಯ. ಕರ ಕೊಟ್ಟವನು ತನ್ನ ಊರಿನ ಗ್ರಂಥಾಲಯದ ಬಾಗಿಲಿಗೆ ಹೋಗಿ, ಅದು ತೆರೆದಿದೆಯೇ, ಕಪಾಟಿನಲ್ಲಿ ಈ ವರ್ಷದ ಪುಸ್ತಕವಿದೆಯೇ, ಅದನ್ನು ತೆಗೆದುಕೊಡುವ ಸರಸ್ವತೀಭಂಡಾರಿಗನು ಅಲ್ಲಿದ್ದಾನೆಯೇ ಎಂದು ನೋಡಬಹುದು. ಹಾಗೆ ಹೋಗಿ ನೋಡುವವರು ಹೆಚ್ಚಿದಷ್ಟೂ ಈ ಕರವು ತನ್ನ ಉದ್ದೇಶಕ್ಕೆ ಸಲ್ಲುವುದು.